ಕೋಲು ತೂರುವ ಕಡೆ

ಅಕ್ಟೋಬರ್ ಹುಟ್ಟಿತೆಂದರೆ ಅಂಗಿ, ರವಿಕೆ, ಸ್ಕೂಲ್ ಯೂನಿಫಾರ್ಮು
ಎಲ್ಲ ಮೂಲೆಗೆ.
ಹಾಸನದ ಪೆನ್ಶನ್ ಮೊಹಲ್ಲಾದ ಒಂಟಿ ಬಾಗಿಲ ಅಂಗಡಿಯಲ್ಲಿ
ಖಲಂದರ್ ಸಾಬರ ಕಾಲ ಬಳಿ ಎರಡೇ ಥಾನು,
ಒಂದು ಹಳದಿ, ಒಂದು ಕೆಂಪು.

ನಾನು ಕಾಜಾ ಗುಂಡಿಯವಳು. ಬಾವುಟಕ್ಕೆ ಗುಂಡಿಯಿಲ್ಲ.
ಮೊದಲ ವರ್ಷ ಕೇಳಿಯೇಬಿಟ್ಟೆ,
ಈ ತಿಂಗಳು ನಾನೇನು ಮಣ್ಣು ತಿನ್ನಲಾ?
ಸಾಬರು ತುಟಿಯಲ್ಲಿದ್ದ ಸೂಜಿ ತೆಗೆದು
'ಕೋಲು ತೂರೋ ಚೀಲ ನಿಂದು, ಸಾವಂತ್ರಮ್ಮ.
ಅದಿಲ್ದಿದ್ರೆ ಇದು ಬಾವುಟ ಅಲ್ಲ, ಟವೆಲ್ಲು.'

ಸೀಮೆಸುಣ್ಣದ ಗೆರೆ, ಕತ್ತರಿಯ ಸದ್ದು.
ಚಕ್ರವಿಲ್ಲ, ಸಿಂಹವಿಲ್ಲ, ಒಂದಕ್ಷರವೂ ಇಲ್ಲ.
ಕಲ್ಲಿಗೂ ಒಡವೆ ತೊಡಿಸಿದ ಜಿಲ್ಲೆಯಲ್ಲಿ ಕೂತು
ಎರಡು ಪಟ್ಟಿ, ಸಮಸಮ. ಇಷ್ಟೇನಾ ಅಂದೆ.
'ಇಷ್ಟೇ ಆಗಿದ್ದಕ್ಕೆ ಇಲ್ಲದೋರೂ ಹೊಲಿಸ್ತಾರೆ.
ನಮ್ಮಪ್ಪ ಮೊದಲ್ನೇದು ಹೊಲಿದಾಗ
ರಾಜ್ಯಕ್ಕಿನ್ನೂ ಮೈಸೂರು ಅಂತಲೇ ಹೆಸರು.
ಬಂದೋರು ಬೀಡಿ ಕಟ್ಟಿನ ಕಾಗದದ ಮೇಲೆ
ಪೆನ್ಸಿಲಲ್ಲಿ ಗೀಚಿ ತೋರಿಸಿದ್ರಂತೆ:
ಮೇಲೆ ಹ, ಕೆಳಗೆ ಕೆಂ.'

ಹಳದಿ ಯಾಕೆ ಮೇಲೆ?
ಭಾಷಣದವರನ್ನು ಕೇಳಿದರೆ ಶಾಂತಿ, ಕ್ರಾಂತಿ, ಇನ್ನೂ ಏನೇನೋ.
ಸಾಬರು ಹೇಳುವುದು ಬೇರೆ:
'ಕೆಂಪು ಬಣ್ಣ ಬಿಡುತ್ತೆ ಕಣಮ್ಮ.
ಮೇಲಿಟ್ರೆ ಒಂದೇ ಮಳೆಗೆ ಹಳದಿ ಕಥೆ ಮುಗೀತು.'

ಸೂಜಿಗೆ ಹಳದಿ ದಾರ, ಬಾಬಿನ್ನಿಗೆ ಕೆಂಪು.
ಎರಡೂ ಒಂದನ್ನೊಂದು ಹಿಡಿಯುವುದು
ಬಟ್ಟೆಯ ಒಳಗೆಲ್ಲೋ. ನೋಡಿದವರಿಲ್ಲ.

ಒಂದು ವರ್ಷ ಸುದ್ದಿಯೋ ಸುದ್ದಿ,
ನಡುವೆ ಬಿಳಿ ಪಟ್ಟಿ ಬರುತ್ತದೆ, ಅದರಲ್ಲಿ ಗಂಡಭೇರುಂಡ.
ಸಾಬರು ಸಾಲ ಮಾಡಿ ಬಿಳಿ ಥಾನು ತಂದರು.
ಎರಡು ತಲೆಯ ಹಕ್ಕಿಯನ್ನು ಕಸೂತಿ ಹಾಕಿ ನೋಡಿದೆ,
ಕೋಳಿ ಜಗಳದ ಹಾಗೆ ಬಂತು.
ಬಿಳಿ ಬರಲಿಲ್ಲ. ಥಾನು ಅಟ್ಟ ಸೇರಿತು.
ಎರಡು ವರ್ಷಕ್ಕೆ ಕೊರೋನಾ ಬಂದು
ಅಷ್ಟೂ ಮಾಸ್ಕಾಯಿತು. ಸಾಲ ತೀರಿತು.

ನನ್ನದೊಂದು ಗುಟ್ಟಿದೆ.
ಹೊಲಿದು ಮುಗಿದ ಬಾವುಟಕ್ಕೆ ಮೇಲು ಕೆಳಗು ಗೊತ್ತಿಲ್ಲ.
ಹೀಗೆ ಹಿಡಿದರೆ ಹಳದಿ ಮೇಲೆ, ಹಾಗೆ ಹಿಡಿದರೆ ಕೆಂಪು.
ಚೀಲದ ಯಾವ ತುದಿಯನ್ನು ನಾನು ಮುಚ್ಚುತ್ತೇನೋ
ಆಕಾಶ ಆ ಕಡೆ.
ನಾಕು ಹೊಲಿಗೆ, ಅಷ್ಟೇ.

ಹೋದ ವರ್ಷ ನಲವತ್ತಕ್ಕೆ ತಪ್ಪು ತುದಿ ಮುಚ್ಚಿದೆ.
ನವೆಂಬರ್ ಒಂದು, ಬೆಳಿಗ್ಗೆ ಏಳು,
ಹೇಮಾವತಿ ಪ್ರತಿಮೆಯ ಹತ್ತಿರ ಆಟೋಗಳ ಸಾಲಿಗೆ ಸಾಲೇ
ಕೆಂಪು ಮೇಲೆ.
ಜವರೇಶ ಕೂಗಾಡಿಕೊಂಡು ಬಂದ: ಯಾರ್ ಹೊಲಿದಿದ್ದು, ಕರೀರಿ!
ಸಾಬರು ನನ್ನ ಕಡೆ ನೋಡದೆ 'ನಾನೇ' ಅಂದರು,
'ಕನ್ನಡಕ ಬದಲಾಯಿಸ್ಬೇಕು.'
ಅವನು ಅಂಗಡಿಯ ಬೋರ್ಡು ಓದಿದ.
ಅವರ ಟೋಪಿ ನೋಡಿದ.
ಮತ್ತೆ ಬೋರ್ಡು.

ನಾನು ಎದ್ದೆ. ತಪ್ಪು ನಂದು, ಬ್ಲೇಡು ಕೊಡಿ.
ಆಟೋಗಳ ನಡುವೆ ಕಲ್ಲಿನ ಮೇಲೆ ಕೂತು
ಮುಚ್ಚಿದ್ದು ಬಿಚ್ಚಿದೆ, ತೆರೆದದ್ದು ಮುಚ್ಚಿದೆ.
ಹತ್ತಾದ ಮೇಲೆ ಜವರೇಶನೇ ದಾರ ಪೋಣಿಸಿ ಕೊಡತೊಡಗಿದ.
ಮೂವತ್ತೊಂಬತ್ತು ಸರಿಹೋದವು.
ಒಂದು ಸಿಗಲಿಲ್ಲ, ಅರಸೀಕೆರೆಗೆ ಬಾಡಿಗೆ ಹೋಗಿದೆ ಅಂದರು,
ತಲೆಕೆಳಗಾಗಿಯೇ.

ಇಬ್ಬನಿಗೆ ಬಟ್ಟೆ ಒದ್ದೆ. ಬೆರಳಿಗೆಲ್ಲ ಬಣ್ಣ.
ನಮ್ಮವರು ಹೋಗಿ ಹನ್ನೊಂದು ವರ್ಷ.
ತಗೊಳ್ಳಿ ಅರಿಶಿನ ಕುಂಕುಮ ಅಂತ
ಯಾವ ಮನೆಯ ತಟ್ಟೆಯೂ ನನ್ನ ಮುಂದೆ ನಿಂತಿಲ್ಲ.
ಅಕ್ಟೋಬರಿನಲ್ಲಿ ಮಾತ್ರ
ಮೀಟರುಗಟ್ಟಲೆ ಮಡಿಲಿಗೆ ಬೀಳುತ್ತದೆ.

ಕೈ ತೊಳೆಯಲು ಹೋದವಳು
ನಲ್ಲಿ ತಿರುಗಿಸಿ
ಸ್ವಲ್ಪ ಹೊತ್ತು ಹಾಗೇ ನಿಂತೆ.